ಪ್ರಸೂತಿಶಾಲೆಯ ವೈದ್ಯ ಸೆಮ್ಮೆಲ್ವೈಸ್

ಲೋಕದಲ್ಲಿ ವೃತ್ತಿಗಳು ಹಲವುಂಟು. ಆದರೆ ತನ್ನ ಕೈಯ ತಪ್ಪಿಗೆ ಮತ್ತೊಬ್ಬರ ಪ್ರಾಣವೇ ದಂಡವಾಗುವ ವೃತ್ತಿ ವೈದ್ಯನದು. ಆ ದಂಡದ ಲೆಕ್ಕವನ್ನು ತಾನೇ ಬರೆದು ಲೋಕದ ಮುಂದಿರಿಸಿದವನು ಇಗ್ನಾಜ್ ಸೆಮ್ಮೆಲ್ವೈಸ್.

ಹಂಗೇರಿ ದೇಶದ ಬುಡಾ ಪಟ್ಟಣದಲ್ಲಿ 1818 ರಲ್ಲಿ ದಿನಸಿ ವರ್ತಕನೊಬ್ಬನ ಮಗನಾಗಿ ಜನಿಸಿದ ಈತನು, ವಿಯೆನ್ನಾ ನಗರದಲ್ಲಿ ವೈದ್ಯಶಾಸ್ತ್ರವನ್ನೋದಿ, 1846 ರಲ್ಲಿ ಅಲ್ಲಿಯ ದೊಡ್ಡಾಸ್ಪತ್ರೆಯ ಪ್ರಸೂತಿಶಾಲೆಗೆ ಸಹಾಯಕ ವೈದ್ಯನಾದನು. ಅಲ್ಲಿ ಎರಡು ವಿಭಾಗಗಳಿದ್ದುವು. ಒಂದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ, ಇನ್ನೊಂದರಲ್ಲಿ ಸೂಲಗಿತ್ತಿಯರೂ ಹೆರಿಗೆ ಮಾಡಿಸುತ್ತಿದ್ದರು. ಆ ಒಂದೇ ವರ್ಷದಲ್ಲಿ ವೈದ್ಯರ ವಿಭಾಗದಲ್ಲಿ ಹೆತ್ತ 4,010 ತಾಯಂದಿರಲ್ಲಿ 459 ಮಂದಿ ಮಡಿದರು. ಸೂಲಗಿತ್ತಿಯರಲ್ಲಿ ಸಾವಿನ ಪ್ರಮಾಣವು ಅದರ ಕಾಲುಪಾಲು ಮಾತ್ರ. ಹೆಚ್ಚಿನವರನ್ನು ಕೊಂದುದು ಸೂತಿಕಾಜ್ವರ. ಬಡ ಗರ್ಭಿಣಿಯರು ತಮ್ಮನ್ನು ವೈದ್ಯರ ವಿಭಾಗಕ್ಕೆ ಸೇರಿಸಬೇಡಿರೆಂದು ಮೊಣಕಾಲೂರಿ ಬೇಡುತ್ತಿದ್ದರು. ಹೆಚ್ಚು ಬಲ್ಲವರ ಕೈಯಲ್ಲಿಯೇ ಹೆಚ್ಚು ಸಾವು! ಹಿರಿಯರು ಗಾಳಿಯ ದೋಷವೆಂದು ಸಮಾಧಾನ ತಂದುಕೊಂಡರು. ಸೆಮ್ಮೆಲ್ವೈಸನಿಗೆ ಆ ಸಮಾಧಾನವು ದಕ್ಕಲಿಲ್ಲ. ಉದ್ಯೋಗವಿರಲಿ, ಬದುಕೇ ಬೇಡವೆನ್ನಿಸಿತು.

1847 ರ ಮಾರ್ಚ್ ತಿಂಗಳಲ್ಲಿ ಆತನ ಮಿತ್ರನಾದ ವೈದ್ಯ ಕೊಲೆಟ್ಶ್ಕನು, ಶವಚ್ಛೇದದ ವೇಳೆ ವಿದ್ಯಾರ್ಥಿಯೊಬ್ಬನ ಚೂರಿ ಬೆರಳಿಗೆ ತಗುಲಿ ತೀರಿಕೊಂಡನು. ಆತನ ದೇಹದಲ್ಲಿ ಕಂಡ ವಿಕಾರಗಳು ಸತ್ತ ಬಾಣಂತಿಯರಲ್ಲಿ ಕಂಡವುಗಳೇ. ನಿಜವು ಒಮ್ಮೆಲೇ ಹೊಳೆಯಿತು. ಮುಂಜಾನೆ ಶವಗಳನ್ನು ಕೊಯ್ದ ಕೈಗಳೇ ಅನಂತರ ತಾಯಂದಿರನ್ನು ಮುಟ್ಟುತ್ತಿದ್ದುವು. ವಿಷವನ್ನು ಹೊತ್ತು ತರುತ್ತಿದ್ದವನು ವೈದ್ಯನೇ. ಮೇ ತಿಂಗಳಿಂದ ಪ್ರತಿಯೊಬ್ಬನೂ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟಳೆ ಮಾಡಿದನು. 1848 ರಲ್ಲಿ 3,556 ಹೆರಿಗೆಗಳಿಗೆ ಸತ್ತವರು 45. ಎರಡು ತಿಂಗಳಂತೂ ಒಬ್ಬಳೂ ಸಾಯಲಿಲ್ಲ.

ಬೇರೊಬ್ಬನಾಗಿದ್ದರೆ ಇಲ್ಲಿಗೆ ಬೀಗಿ ನಡೆಯುತ್ತಿದ್ದನು. ಆದರೆ ಶ್ರದ್ಧೆಯಿಂದ ಹೆಚ್ಚು ಶವಗಳನ್ನು ಕೊಯ್ದವನು ತಾನೇ ಆದುದರಿಂದ, ತನ್ನಿಂದ ಅಕಾಲದಲ್ಲಿ ಮಡಿದವರ ಸಂಖ್ಯೆಯನ್ನು ದೇವರೊಬ್ಬನೇ ಬಲ್ಲನೆಂದು ಆತನು ಮುಂದೆ ಗ್ರಂಥದಲ್ಲಿಯೇ ಒಪ್ಪಿಕೊಂಡನು. ಈ ಅರಿವಿನ ಭಾರವು ಸಾಮಾನ್ಯವಾದುದಲ್ಲ. ಕೀಲ್ ನಗರದ ವೈದ್ಯ ಮಿಖಾಯೆಲಿಸನು, ತಾನು ಹೆರಿಗೆ ಮಾಡಿಸಿದ ಬಂಧುವೊಬ್ಬಳು ಸತ್ತುದನ್ನು ನೆನೆದು ಕೊರಗಿ, 1848 ರಲ್ಲಿ ರೈಲಿನಡಿ ಪ್ರಾಣ ಬಿಟ್ಟನು. ಉಳಿದವರು ಕೊರಗಲಿಲ್ಲ, ಕುಲೀನರ ಕೈ ಮಲಿನವೆಂದರೆ ಅವಮಾನವೆಂದು ಬಗೆದರು.

1849 ರಲ್ಲಿ ಸೆಮ್ಮೆಲ್ವೈಸನ ಉದ್ಯೋಗವು ಮುಂದುವರಿಯಲಿಲ್ಲ. ಮರುವರ್ಷ ಮಿತ್ರರಿಗೂ ಹೇಳದೆ ಪೆಸ್ಟ್ ನಗರಕ್ಕೆ ಹಿಂತಿರುಗಿ, ಸಂತ ರೋಕಸನ ಆಸ್ಪತ್ರೆಯಲ್ಲಿ ಸಂಬಳವಿಲ್ಲದೆ ದುಡಿದನು. 1855 ರವರೆಗೆ ಅಲ್ಲಿಯ 933 ಹೆರಿಗೆಗಳಲ್ಲಿ ಸೂತಿಕಾಜ್ವರಕ್ಕೆ ಬಲಿಯಾದವರು ಎಂಟೇ ಮಂದಿ. ತರುವಾಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದನು. ಜ್ಯೂರಿಕ್ ನಗರದ ಕರೆಯನ್ನು ಒಲ್ಲೆನೆಂದನು.

ಆತನಲ್ಲಿ ದೋಷವಿರಲಿಲ್ಲವೆಂದಲ್ಲ. ಕಂಡ ಸತ್ಯವನ್ನು ಗ್ರಂಥರೂಪದಲ್ಲಿ ಹೊರತರಲು 1861 ರವರೆಗೆ ತಡೆದನು. ಆ ಮೇಲೆ ಒಪ್ಪದ ಪಂಡಿತರನ್ನು ಬಹಿರಂಗ ಪತ್ರಗಳಲ್ಲಿ ಕೊಲೆಗಾರರೆಂದೇ ಜರೆದನು. ತನ್ನ ಮೇಲೆ ಹೊರಿಸಿಕೊಂಡುದನ್ನೇ ಇತರರ ಮೇಲೂ ಹೊರಿಸಿದನೆನ್ನಬಹುದು. ಆದರೂ ಬಿರುನುಡಿಯಿಂದ ಕಿವಿಗಳು ಮುಚ್ಚಿದುವೇ ಹೊರತು ತೆರೆಯಲಿಲ್ಲ. 1865 ರಲ್ಲಿ ಬುದ್ಧಿಯ ಸ್ಥಿಮಿತ ತಪ್ಪಲು, ಆತನನ್ನು ವಿಯೆನ್ನಾದ ಹುಚ್ಚಾಸ್ಪತ್ರೆಗೆ ಸೇರಿಸಿದರು. ಎರಡೇ ವಾರಗಳಲ್ಲಿ, ಆಗಸ್ಟ್ 13 ರಂದು, ನಲ್ವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡನು. ಗಾಯವು ಕೀತು ರಕ್ತವು ನಂಜೇರಿದ್ದಿತು; ಹದಿನೆಂಟು ವರ್ಷಗಳ ಹಿಂದೆ ಕೊಲೆಟ್ಶ್ಕನನ್ನು ಒಯ್ದ ಬಗೆಯ ಸಾವೇ ಅದು.