ಜೇನಿನ ಜಾಣ್ಮೆಯನ್ನು ಕಂಡ ಉಪಾಧ್ಯಾಯರು

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಹೊಲಗಳಲ್ಲಿ ಸೂರ್ಯಕಾಂತಿ ಅರಳಿದಾಗ ಜೇನ್ನೊಣಗಳು ಹೂವಿನಿಂದ ಹೂವಿಗೆ ಹಾರುವುದನ್ನು ಕಾಣದವರಿಲ್ಲ. ಆ ನೊಣಕ್ಕೆ ಹೂವಿನ ಗುರುತು ಹುಟ್ಟಿನಿಂದಲೇ ಬಂದುದೋ, ಅನುಭವದಿಂದ ಕಲಿತುದೋ? ಈ ಪ್ರಶ್ನೆಯನ್ನು ಪ್ರಯೋಗದ ಒರೆಗೆ ಹಚ್ಚಿದ ಮೊದಲಿಗರಲ್ಲಿ ಒಬ್ಬರು ಅಮೆರಿಕದ ಹೈಸ್ಕೂಲು ಉಪಾಧ್ಯಾಯರಾದ ಚಾರ್ಲ್ಸ್ ಹೆನ್ರಿ ಟರ್ನರ್.

ಟರ್ನರ್ ಹುಟ್ಟಿದ್ದು 1867ರಲ್ಲಿ, ಸಿನ್ಸಿನಾಟಿ ನಗರದ ಕರಿಯರ ಮನೆತನವೊಂದರಲ್ಲಿ. ಆ ಜನಕ್ಕೆ ದಾಸ್ಯದಿಂದ ಬಿಡುಗಡೆಯಾಗಿ ಆಗಿನ್ನೂ ಎರಡೇ ವರ್ಷ. ತಂದೆ ಇಗರ್ಜಿಯನ್ನು ನೋಡಿಕೊಳ್ಳುವ ಕೆಲಸದವರು, ತಾಯಿ ದಾದಿ. ಟರ್ನರ್ 1907ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯದಿಂದ ಪ್ರಾಣಿಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಆದರೂ ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಅವರಿಗೆ ಸ್ಥಾನ ದೊರೆಯಲಿಲ್ಲ. 1908ರಿಂದ ಸೇಂಟ್ ಲೂಯಿಸ್ ನಗರದ ಸಮ್ನರ್ ಹೈಸ್ಕೂಲಿನಲ್ಲಿ ಪಾಠ ಹೇಳುತ್ತ, ಬಿಡುವಿನ ವೇಳೆಯಲ್ಲಿ ಸಂಶೋಧನೆಯನ್ನು ನಡೆಸಿದರು.

ಊರ ಉದ್ಯಾನವೇ ಅವರ ಪ್ರಯೋಗಶಾಲೆಯಾಯಿತು. ಒಂದು ಬಣ್ಣದ ಬಿಲ್ಲೆಗಳ ಮೇಲೆ ಜೇನುತುಪ್ಪವನ್ನಿಟ್ಟು, ಬೇರೆ ಬಣ್ಣದವನ್ನು ಬರಿದಾಗಿ ಬಿಟ್ಟರು. ಬಿಲ್ಲೆಗಳ ಸ್ಥಾನವನ್ನು ಬದಲಿಸಿದರೂ ನೊಣಗಳು ತುಪ್ಪ ದೊರೆತ ಬಣ್ಣವನ್ನೇ ಅರಸಿ ಬಂದವು. 1910ರಲ್ಲಿ ಈ ಫಲಿತಾಂಶವನ್ನೂ, 1911ರಲ್ಲಿ ನೊಣಗಳು ಚಿತ್ತಾರಗಳ ಭೇದವನ್ನು ಅರಿಯುತ್ತವೆಂಬುದನ್ನೂ ಪ್ರಕಟಿಸಿದರು. ನೊಣ ಕಂಡದ್ದು ಬಣ್ಣವನ್ನೇ ಹೊರತು ಕೇವಲ ಅದರ ಹೊಳಪನ್ನಲ್ಲ ಎಂಬುದನ್ನು ಮುಂದೆ ಕಾರ್ಲ್ ಫಾನ್ ಫ್ರಿಶ್ ಖಚಿತಪಡಿಸಿದರು.

ಕೀಟವೆಂದರೆ ಬರಿಯ ಯಂತ್ರವೆಂದು ಪಂಡಿತರನೇಕರು ನಂಬಿದ್ದ ಕಾಲವದು. ಟರ್ನರರ ಜನಾಂಗಕ್ಕೂ ಕಲಿಯುವ ಶಕ್ತಿ ಕಡಮೆಯೆಂದು ಸಮಾಜ ತೀರ್ಪು ಕೊಟ್ಟಿತ್ತು. ಜನಾಂಗದ್ವೇಷಕ್ಕೆ ಶಿಕ್ಷಣವೇ ಮದ್ದೆಂದು ಅವರು 1902ರಲ್ಲಿಯೇ ಬರೆದಿದ್ದರು. ಸುಮಾರು 70 ಪ್ರಬಂಧಗಳನ್ನು ರಚಿಸಿ, 1923ರಲ್ಲಿ, ತಮ್ಮ 56ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕೆಲಸವನ್ನು ಲೋಕವು ಬಹುಕಾಲ ಮರೆತೇ ಬಿಟ್ಟಿತು.

ಅವರು ತುಳಿದ ದಾರಿ ಮಾತ್ರ ಮುಂದುವರಿಯಿತು. 2017ರಲ್ಲಿ ಲಂಡನ್ನಿನ ಸಂಶೋಧಕರು ತಂಪು ನಾಡುಗಳ ರೋಮಭರಿತ ದುಂಬಿಗಳಾದ ಬಂಬಲ್‌ಬೀಗಳಿಗೆ, ಪುಟ್ಟ ಚೆಂಡನ್ನು ಉರುಳಿಸಿ ಗುರಿ ಸೇರಿಸಿದರೆ ಸಕ್ಕರೆನೀರು ದೊರೆಯುವಂತೆ ಮಾಡಿದರು. ಮತ್ತೊಂದು ದುಂಬಿಯ ಕೆಲಸವನ್ನು ನೋಡಿದವು ಬೇಗ ಕಲಿತವು. ತೋರಿಸಿಕೊಟ್ಟುದಕ್ಕಿಂತ ಹತ್ತಿರದ ಚೆಂಡನ್ನು ಆರಿಸಿ ಶ್ರಮವನ್ನು ಉಳಿಸಿದವೂ ಉಂಟು.

ಟರ್ನರರ ಪ್ರಯೋಗಕ್ಕೆ ಬೇಕಾದುದು ಬಣ್ಣದ ಕಾಗದ, ಕೊಂಚ ಸಿಹಿ, ಮತ್ತು ತಾಳ್ಮೆ. ಮಸ್ಕಿಯ ಶಾಲೆಯ ಅಂಗಳದಲ್ಲಿಯೂ ಇವಕ್ಕೆ ಕೊರತೆಯಿಲ್ಲ.