ಊಪ್ಸ್ ಹುಟ್ಟಿದ್ದು ಜಾವಾದಿಂದಲೇ? ಕ್ರಿಸ್ಟೆನ್ ನ್ಯೂಗಾರ್ಡ್ ಅವರ ಕಥೆ ಓದಿ

ಮನೆಯಲ್ಲಿ ಎಂಜಿನಿಯರಿಂಗ್ ಅಥವಾ ಬಿಸಿಎ ಓದುವ ಮಕ್ಕಳಿದ್ದರೆ ಊಪ್ಸ್ ಎಂಬ ಪದ ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎಂಬುದರ ಮೊಟಕು ಹೆಸರು ಅದು. ವಿಟಿಯು ಕಾಲೇಜುಗಳಲ್ಲಿ ಇದನ್ನು ಜಾವಾ ಭಾಷೆಯ ಜೊತೆಗೇ ಕಲಿಸುತ್ತಾರೆ. ಹಾಗಾಗಿ ಜಾವಾದಿಂದಲೇ ಊಪ್ಸ್ ಹುಟ್ಟಿತು ಎಂದು ಅನೇಕರು ನಂಬಿದ್ದಾರೆ. ಇದು ತಪ್ಪು. ಜಾವಾ ಬಂದದ್ದು 1995ರಲ್ಲಿ. ಅದಕ್ಕೂ ಸುಮಾರು ಮೂವತ್ತು ವರ್ಷ ಮೊದಲೇ ನಾರ್ವೆ ದೇಶದ ಇಬ್ಬರು ಈ ವಿಧಾನವನ್ನು ಕಟ್ಟಿದ್ದರು. ಅವರಲ್ಲಿ ಒಬ್ಬರು ಕ್ರಿಸ್ಟೆನ್ ನ್ಯೂಗಾರ್ಡ್.

ನ್ಯೂಗಾರ್ಡ್ ಹುಟ್ಟಿದ್ದು 1926ರಲ್ಲಿ, ಓಸ್ಲೋ ನಗರದಲ್ಲಿ. ಓದಿದ್ದು ಗಣಿತ. ಇಪ್ಪತ್ತರ ಹರೆಯದಲ್ಲೇ ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಸೇರಿ, ನಾರ್ವೆಯ ಮೊದಲ ಅಣು ರಿಯಾಕ್ಟರ್‌ಗೆ ಬೇಕಾದ ಲೆಕ್ಕಗಳನ್ನು ಮಾಡಿದರು. ಆಮೇಲೆ ಅವರ ಗಮನ ಹರಿದದ್ದು ಕೆಲಸ ನಡೆಯುವ ಬಗೆಯ ಕಡೆಗೆ: ಎಲ್ಲಿ ಸರದಿ ಬೆಳೆಯುತ್ತದೆ, ಯಾರು ಎಷ್ಟು ಹೊತ್ತು ಕಾಯುತ್ತಾರೆ, ಇನ್ನೊಂದು ಕೌಂಟರ್ ತೆರೆದರೆ ಏನಾಗುತ್ತದೆ. ಇದನ್ನು ಕಂಪ್ಯೂಟರಿನೊಳಗೆ ನಡೆಸಿ ನೋಡಬೇಕೆಂದರೆ ಅದಕ್ಕೆ ತಕ್ಕ ಭಾಷೆಯೇ ಇರಲಿಲ್ಲ. 1960ರಲ್ಲಿ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್ ಸೇರಿದ ಅವರು, ಪ್ರೋಗ್ರಾಮಿಂಗ್‌ನಲ್ಲಿ ಪಳಗಿದ್ದ ಓಲೆ-ಯೋಹಾನ್ ಡಾಲ್ ಜೊತೆಗೂಡಿ ಸಿಮುಲಾ ಎಂಬ ಭಾಷೆ ಕಟ್ಟಿದರು. ಇಬ್ಬರೂ ಬೋರ್ಡಿನ ಮುಂದೆ ಎಷ್ಟು ಜೋರಾಗಿ ವಾದಿಸುತ್ತಿದ್ದರೆಂದರೆ, ಹೊಸದಾಗಿ ಕೆಲಸಕ್ಕೆ ಸೇರಿದವರೊಬ್ಬರು ಹೊಡೆದಾಟ ನಡೆಯುತ್ತಿದೆ ಎಂದು ಗಾಬರಿಬಿದ್ದರಂತೆ.

ಆದರೂ ಒಂದು ತೊಡಕು ಉಳಿದಿತ್ತು. ಸುಂಕ ವಸೂಲಿ ಮಾಡುವ ಒಂದು ಸೇತುವೆ, ಅದರ ಮುಂದೆ ಲಾರಿ ಮತ್ತು ಬಸ್ಸುಗಳ ಸಾಲು. ಇದನ್ನು ಪ್ರೋಗ್ರಾಮ್‌ನಲ್ಲಿ ಬರೆಯುವುದು ಹೇಗೆ? ಸಾಲಿನಲ್ಲಿ ನಿಲ್ಲುವುದು, ಮುಂದೆ ಸರಿಯುವುದು ಎಲ್ಲಕ್ಕೂ ಒಂದೇ. ಹೊತ್ತಿರುವುದು ಮಾತ್ರ ಬೇರೆ ಬೇರೆ.

ಮದ್ದೂರು ತಾಲ್ಲೂಕಿನ ಕೊಪ್ಪದವರಿಗೆ ಈ ಲೆಕ್ಕ ಹೊಸದಲ್ಲ. ಕಬ್ಬು ಅರೆಯುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರ್, ಲಾರಿ, ಎತ್ತಿನ ಗಾಡಿಗಳನ್ನು ನೆನೆಯಿರಿ. ಮೂರಕ್ಕೂ ತೂಕವಿದೆ, ಸರದಿಯಿದೆ. ಎತ್ತಿಗೆ ಮೇವು ಬೇಕು, ಟ್ರ್ಯಾಕ್ಟರ್‌ಗೆ ಡೀಸೆಲ್. ಸಮಾನವಾದದ್ದನ್ನೆಲ್ಲ ವಾಹನ ಎಂಬ ಹೆಸರಿನಲ್ಲಿ ಒಂದೇ ಸಲ ಬರೆದಿಟ್ಟು, ಪ್ರತಿಯೊಂದರ ವಿಶೇಷವನ್ನು ಅದಕ್ಕೆ ಸೇರಿಸುತ್ತಾ ಹೋದರೆ ಸಾಕು. ಆ ಸಾಮಾನ್ಯ ನಕ್ಷೆಯೇ ಕ್ಲಾಸ್. ಈಗ ವೇಬ್ರಿಡ್ಜ್ ಮೇಲೆ ನಿಂತಿರುವ ಆ ಒಂದು ಟ್ರ್ಯಾಕ್ಟರ್ ಆಬ್ಜೆಕ್ಟ್. ವಾಹನದ ಗುಣಗಳು ಟ್ರ್ಯಾಕ್ಟರ್‌ಗೂ ಬರುವುದೇ ಇನ್‌ಹೆರಿಟೆನ್ಸ್. ಸೇತುವೆಯ ಸಾಲನ್ನು ಮುಂದಿಟ್ಟುಕೊಂಡು ನ್ಯೂಗಾರ್ಡ್ ಮತ್ತು ಡಾಲ್ ಕಂಡುಕೊಂಡದ್ದು ಇದನ್ನೇ. ಅದರಿಂದ ಬಂದದ್ದು ಸಿಮುಲಾ 67.

ಅಂದಹಾಗೆ, ಇನ್‌ಹೆರಿಟೆನ್ಸ್ ಎಂದರೆ ಅಪ್ಪನ ಆಸ್ತಿ ಮಗನಿಗೆ ಬಂದಂತೆ ಎಂದು ವಿವರಿಸುವುದುಂಟು. ಈ ಹೋಲಿಕೆ ದಾರಿ ತಪ್ಪಿಸುತ್ತದೆ. ಮಗ ಅಪ್ಪನ ಒಂದು ಬಗೆಯಲ್ಲ, ಆದರೆ ಟ್ರ್ಯಾಕ್ಟರ್ ಒಂದು ಬಗೆಯ ವಾಹನವೇ ಹೌದು. ಪರೀಕ್ಷೆಯಲ್ಲಿ ಅಂಕ ಸಿಗಬಹುದು, ಪ್ರೋಗ್ರಾಮ್ ಬರೆಯಲು ಕೂತಾಗ ಕಷ್ಟವಾಗುತ್ತದೆ.

ಸಿಮುಲಾದ ವಿಚಾರಗಳೇ ಮುಂದೆ ಸ್ಮಾಲ್‌ಟಾಕ್, ಸಿ ಪ್ಲಸ್ ಪ್ಲಸ್, ಜಾವಾ ಭಾಷೆಗಳಿಗೆ ಹರಿದವು.

ನ್ಯೂಗಾರ್ಡ್ ಅಷ್ಟಕ್ಕೇ ನಿಲ್ಲಲಿಲ್ಲ. ಇದೇ ಲೆಕ್ಕಾಚಾರವನ್ನು ಬಳಸಿ ಮಾಲೀಕರು ಕಾರ್ಮಿಕರ ಕೆಲಸವನ್ನು ಹಿಡಿತಕ್ಕೆ ತೆಗೆದುಕೊಳ್ಳಬಹುದು ಎಂಬುದು ಅವರಿಗೆ ಕಾಡಿತು. 1970ರ ದಶಕದ ಆರಂಭದಲ್ಲಿ ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದ ಜೊತೆ ಕೂತು, ಕಾರ್ಖಾನೆಗೆ ಬರುವ ಕಂಪ್ಯೂಟರ್ ವ್ಯವಸ್ಥೆಗಳನ್ನು ಕಾರ್ಮಿಕರೇ ಅರಿತು ಪ್ರಶ್ನಿಸುವಂತೆ ಮಾಡುವ ಕೆಲಸ ಕೈಗೊಂಡರು. ಅಂಥ ವ್ಯವಸ್ಥೆ ತರುವಾಗ ಕಾರ್ಮಿಕರ ಮಾತು ಕೇಳಬೇಕೆಂಬ ಒಪ್ಪಂದಗಳು ಅಲ್ಲಿ ಆಮೇಲೆ ಬಂದವು. ನಮ್ಮ ದೃಷ್ಟಿಯಲ್ಲಿ ಭಾಷೆ ಕಟ್ಟಿದ್ದಕ್ಕಿಂತ ಇದು ಸಣ್ಣದಲ್ಲ. ನಾರ್ವೆ ಯುರೋಪಿಯನ್ ಒಕ್ಕೂಟ ಸೇರಬಾರದೆಂಬ ಚಳವಳಿಯ ಮುಂದಾಳೂ ಅವರೇ. 1994ರ ಜನಮತದಲ್ಲಿ ಆ ಪಕ್ಷವೇ ಗೆದ್ದಿತು.

ಕೊನೆಯ ದಿನಗಳಲ್ಲಿ ಅವರನ್ನು ಹಿಡಿದದ್ದು ಕಲಿಕೆಯ ಪ್ರಶ್ನೆ. ವಿಶ್ವವಿದ್ಯಾಲಯಗಳಲ್ಲಿ ಊಪ್ಸ್ ಅನ್ನು ಸೆಮಿಕೋಲನ್, ಬ್ರ್ಯಾಕೆಟ್‌ಗಳಿಂದ, ನಾಲ್ಕು ಸಾಲಿನ ಪುಟಾಣಿ ಉದಾಹರಣೆಗಳಿಂದ ಆರಂಭಿಸುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಅಷ್ಟು ಸಣ್ಣ ಉದಾಹರಣೆಯಲ್ಲಿ ಆಬ್ಜೆಕ್ಟ್‌ಗಳ ಅಗತ್ಯವೇ ಕಾಣದು. ಜನ, ವಸ್ತು, ಕೆಲಸ ಎಲ್ಲ ಹೆಣೆದುಕೊಂಡ ನಿಜವಾದ ಸನ್ನಿವೇಶದಿಂದಲೇ ವಿದ್ಯಾರ್ಥಿ ಆರಂಭಿಸಬೇಕು, ಭಾಷೆಯ ನಿಯಮ ಆಮೇಲೆ ಬರಲಿ ಎಂಬುದು ಅವರ ನಿಲುವು. ಇದಕ್ಕಾಗಿ ಕೂಲ್ ಎಂಬ ಹೆಸರಿನ ಯೋಜನೆ ರೂಪಿಸಿದರು.

ಕಂಪ್ಯೂಟರ್ ಲೋಕದ ನೊಬೆಲ್ ಎನ್ನಲಾಗುವ ಟ್ಯೂರಿಂಗ್ ಪ್ರಶಸ್ತಿ, 2001ನೇ ಸಾಲಿನದು, ಡಾಲ್ ಮತ್ತು ನ್ಯೂಗಾರ್ಡ್ ಇಬ್ಬರಿಗೂ ಬಂತು. 2002ರ ಜೂನ್ 29ರಂದು ಡಾಲ್ ತೀರಿಕೊಂಡರು. ಆಗಸ್ಟ್ 10ರಂದು ಹೃದಯಾಘಾತದಿಂದ ನ್ಯೂಗಾರ್ಡ್ ಕೂಡ ಹೋದರು. ಕೂಲ್ ಯೋಜನೆಯನ್ನು ಓಸ್ಲೋದ ಸಹೋದ್ಯೋಗಿಗಳು ಮುಂದುವರಿಸಿ, ವಿದ್ಯಾರ್ಥಿಗಳು ಊಪ್ಸ್ ಹೇಗೆ ಕಲಿಯುತ್ತಾರೆ ಎಂಬ ಬಗ್ಗೆ 2006ರಲ್ಲಿ ಒಂದು ಪುಸ್ತಕವನ್ನೇ ಹೊರತಂದರು.