ಗುಲ್ಮಾರ್ಗ್ ಹಿಮದಲ್ಲಿ ಮಡಿಕೇರಿಯ ತಿಮ್ಮಯ್ಯ

ಖಾರಘರದಲ್ಲಿ ಹಿಮಕ್ಕೆ ಹತ್ತಿರದ ವಸ್ತು ಎಂದರೆ ಗೋಲಾ ಗಾಡಿಯ ಪುಡಿ ಐಸ್. ಆದರೂ ನಾವು ಮೂವರು ಸಹೋದ್ಯೋಗಿಗಳು ಈ ಚಳಿಗಾಲ ಗುಲ್ಮಾರ್ಗ್‌ಗೆ ಹೊರಟಿದ್ದೇವೆ. ಗೊಂಡೊಲಾದಲ್ಲಿ ಕೂತು ಮೇಲೆ ಹೋಗಿ ಜಾರಿ ಇಳಿಯುವುದನ್ನು ಎರಡು ವರ್ಷ ಕಲಿತಾಯಿತು. ಈ ಸಲ ಟೂರಿಂಗ್, ಅಂದರೆ ಸ್ಕೀ ಕಟ್ಟಿಕೊಂಡೇ ಬೆಟ್ಟ ಹತ್ತಿ, ಅದರಲ್ಲೇ ಇಳಿಯುವುದು. ಯಾವ ಸ್ಕೀ, ಯಾವ ಬೈಂಡಿಂಗ್ ಎಂದು ಓದುತ್ತಾ ಹೋದಾಗ ಅಲ್ಲಿನ ಸೇನಾ ಸ್ಕೀ ಶಾಲೆಯ ಮೂಲದಲ್ಲಿ ನಮ್ಮ ಕೊಡಗಿನವರ ಹೆಸರು ಸಿಕ್ಕಿತು: ಜನರಲ್ ತಿಮ್ಮಯ್ಯ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್ 31ರಂದು, ಮಡಿಕೇರಿಯಲ್ಲಿ. ಮನೆ ಬಿಟ್ಟಿದ್ದು ಬಹಳ ಬೇಗ. ಕೂನೂರಿನ ಕಾನ್ವೆಂಟ್, ಬೆಂಗಳೂರಿನ ಬಿಷಪ್ ಕಾಟನ್, ಡೆಹ್ರಾಡೂನಿನ ಮಿಲಿಟರಿ ಕಾಲೇಜು, ಆಮೇಲೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಅಧಿಕಾರಿಯಾದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ಕಾಡುಗಳಲ್ಲಿ ಹೋರಾಡಿ, ರಣಭೂಮಿಯಲ್ಲಿ ಬ್ರಿಗೇಡ್ ಮುನ್ನಡೆಸಿದ ಭಾರತೀಯ ಎನಿಸಿಕೊಂಡರು. ಸೆಕೆ, ಮಳೆ, ಕೆಸರು ಕಂಡ ಮನುಷ್ಯ. ಹಿಮ ಅವರ ಪಾಲಿಗೆ ಬಂದದ್ದು ನಲವತ್ತು ದಾಟಿದ ಮೇಲೆ.

1948ರಲ್ಲಿ ಕಾಶ್ಮೀರದ ಡಿವಿಷನ್ ಅವರ ಕೈಗೆ ಬಂತು. ಆಗ ಲಡಾಖ್ ಒಂಟಿಯಾಗಿತ್ತು. ಆ ವರ್ಷದ ಫೆಬ್ರವರಿ-ಮಾರ್ಚ್‌ನಲ್ಲಿ ಒಂದು ಸಣ್ಣ ತಂಡ ಹಿಮ ಮುಚ್ಚಿದ ಜೋಜಿಲಾ ಕಣಿವೆಯನ್ನು ನಡೆದೇ ದಾಟಿ ಲೇಹ್ ಮುಟ್ಟಿತ್ತು. ಮೇ ತಿಂಗಳಲ್ಲಿ ಏರ್ ಕಮಡೋರ್ ಮೆಹರ್ ಸಿಂಗ್ ಅಲ್ಲಿನ ಕಚ್ಚಾ ರನ್‌ವೇಯಲ್ಲಿ ಮೊದಲ ಡಕೋಟಾ ಇಳಿಸಿದಾಗ ವಿಮಾನದಲ್ಲಿ ತಿಮ್ಮಯ್ಯ ಕೂಡ ಇದ್ದರು. ಆದರೆ ವಿಮಾನದಿಂದ ಎಷ್ಟು ಸಾಗಿಸಲು ಸಾಧ್ಯ? ದಾರಿ ತೆರೆಯಬೇಕಾದರೆ ಸುಮಾರು 11,500 ಅಡಿ ಎತ್ತರದ ಜೋಜಿಲಾ ಗೆಲ್ಲಲೇಬೇಕು. ಕಾಲಾಳುಗಳ ದಾಳಿಗಳು ವಿಫಲವಾಗಿದ್ದವು, ಚಳಿಗಾಲ ಹತ್ತಿರವಾಗುತ್ತಿತ್ತು.

ತಿಮ್ಮಯ್ಯ ಟ್ಯಾಂಕ್ ತರಿಸಿದರು. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರಬಹುದೆಂದು ಎದುರಾಳಿ ಎಣಿಸಿರಲಿಲ್ಲ. ಸೆವೆಂತ್ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಜಮ್ಮು ಕಡೆಯಿಂದ ಗುಟ್ಟಾಗಿ ತರುವಾಗ ಮೇಲಿನ ಗೋಪುರಗಳನ್ನು ಕಳಚಿಟ್ಟರು. ದುರ್ಬಲ ಸೇತುವೆಗಳಿಗೆ ತೂಕ ಇಳಿಯಿತು, ನೋಡಿದವರಿಗೆ ಟ್ಯಾಂಕ್ ಎಂದೂ ತಿಳಿಯಲಿಲ್ಲ. ಬಾಲ್ತಾಲ್‌ನಿಂದ ಮೇಲಿದ್ದ ಹೇಸರಗತ್ತೆ ದಾರಿಯನ್ನು ಟ್ಯಾಂಕ್ ಹಿಡಿಸುವಷ್ಟು ಅಗಲ ಮಾಡಿದವರು ಮೇಜರ್ ತಂಗರಾಜು ಅವರ ಮದ್ರಾಸ್ ಸ್ಯಾಪರ್‌ಗಳು. ಬೆಂಗಳೂರಿನ ಹಲಸೂರಿನಲ್ಲಿ ನೆಲೆ ಇರುವ ಅದೇ ಪಡೆ. ನವೆಂಬರ್ 1ರಂದು ಹಿಮದ ನಡುವೆಯೇ ದಾಳಿ ನಡೆಯಿತು. ತಿಮ್ಮಯ್ಯ ಮುಂಚೂಣಿಯ ಟ್ಯಾಂಕಿನಲ್ಲಿದ್ದರು. ಜೋಜಿಲಾ ಬಿತ್ತು, ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಕೂಡ.

ನನಗೆ ಹೆಚ್ಚು ಹಿಡಿಸಿದ್ದು ಆಮೇಲಿನ ಕೆಲಸ. ಗೆದ್ದವರು ವಿಶ್ರಮಿಸುವ ಹೊತ್ತಿನಲ್ಲಿ, ಡಿಸೆಂಬರ್‌ನಲ್ಲಿ, ಅವರ ಡಿವಿಷನ್ ಗುಲ್ಮಾರ್ಗ್‌ನಲ್ಲಿ ಸ್ಕೀ ಶಾಲೆ ತೆರೆಯಿತು. ಗೆದ್ದ ಜಾಗವನ್ನು ಚಳಿಗಾಲದಲ್ಲೂ ಕಾಯಬೇಕಲ್ಲ. ಸೊಂಟದವರೆಗೆ ಹೂತುಹೋಗುವ ಹಿಮದಲ್ಲಿ ಬೂಟುಗಾಲಿನ ಸೈನಿಕ ಗಂಟೆಗೆ ಎಷ್ಟು ದೂರ ನಡೆದಾನು? ಸ್ಕೀ ದೇಹದ ಭಾರವನ್ನು ಉದ್ದಕ್ಕೆ ಹಂಚುತ್ತದೆ, ಅದಕ್ಕೇ ಹಿಮದ ಮೇಲೆ ನಿಲ್ಲಲು ಸಾಧ್ಯ. ಆ ಶಾಲೆಯೇ 1962ರಲ್ಲಿ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಯಿತು.

ಟ್ಯಾಂಕಿನ ಗೋಪುರದ ಕತೆ ಓದಿದಾಗ ನನ್ನ ಸ್ಪ್ರೆಡ್‌ಶೀಟ್ ನೆನಪಾಗಿ ನಗು ಬಂತು. ಟೂರಿಂಗ್ ಬೈಂಡಿಂಗ್‌ನ ತಲೆನೋವೂ ಇದೇ: ಹತ್ತುವಾಗ ಒಂದು ರೂಪ, ಇಳಿಯುವಾಗ ಇನ್ನೊಂದು. ಹತ್ತುವಾಗ ಹಿಮ್ಮಡಿ ಬಿಡುಗಡೆಯಾಗಿರಬೇಕು, ಸ್ಕೀ ಅಡಿಗೆ ಹಿಂದಕ್ಕೆ ಜಾರದಂತೆ ಸ್ಕಿನ್ ಎಂಬ ಪಟ್ಟಿ ಅಂಟಿಸಬೇಕು. ಇಳಿಯುವಾಗ ಪಟ್ಟಿ ಕಿತ್ತು, ಹಿಮ್ಮಡಿ ಬಿಗಿಯಬೇಕು. ಬಿದ್ದರೆ ಮಾತ್ರ ಬೂಟು ಕಳಚಿಕೊಳ್ಳಬೇಕು, ಇಲ್ಲದಿದ್ದರೆ ಮೊಣಕಾಲು ಹೋಗುತ್ತದೆ. ಬೂಟಿನ ತುದಿಯನ್ನು ಎರಡು ಪಿನ್‌ಗಳಲ್ಲಿ ಹಿಡಿಯುವ ಹಗುರ ಬೈಂಡಿಂಗ್ ಹತ್ತಲು ಸುಖ, ಆದರೆ ಅದರಲ್ಲೂ ತೀರಾ ಹಗುರದವು ಬಿದ್ದಾಗ ಕಳಚಿಕೊಳ್ಳುವ ವಿಷಯದಲ್ಲಿ ಅಷ್ಟು ನಂಬುಗೆಯವಲ್ಲ. ನಮ್ಮಲ್ಲೊಬ್ಬ ಗ್ರಾಂ ಲೆಕ್ಕ ಹಾಕಿ ಅತಿ ಹಗುರದ್ದೇ ಬೇಕು ಎನ್ನುತ್ತಾನೆ. ನಾನು ಒಪ್ಪಿಲ್ಲ. ಗುಲ್ಮಾರ್ಗ್‌ನ ಮೆತ್ತನೆ ಆಳ ಹಿಮಕ್ಕೆ ನಡುವೆ 100 ಮಿಲಿಮೀಟರ್ ಆಸುಪಾಸು ಅಗಲದ ಸ್ಕೀ, ಮುಂದೂ ಹಿಂದೂ ಕಳಚಿಕೊಳ್ಳುವ ಪಿನ್ ಬೈಂಡಿಂಗ್ ಸಾಕು. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ನೋಡಿ ಅದರ ಬಿಗಿ ಹೊಂದಿಸುವುದನ್ನು ಅಂಗಡಿಯವರಿಗೇ ಬಿಡಬೇಕು. ಹಿಮಕುಸಿತದಲ್ಲಿ ಹುಡುಕಲು ಬೇಕಾದ ಬೀಕನ್, ಸಲಿಕೆ, ಕೋಲು ಇಲ್ಲದೆ ಹೊರಡುವ ಮಾತೇ ಇಲ್ಲ. ಹಣ ಉಳಿಸುವುದಿದ್ದರೆ ಸ್ಕೀಯಲ್ಲಿ ಉಳಿಸೋಣ.

ತಿಮ್ಮಯ್ಯನವರು ಆಮೇಲೂ ಮನೆಯಿಂದ ದೂರವೇ. 1953ರಲ್ಲಿ ಕೊರಿಯಾದ ಯುದ್ಧಕೈದಿಗಳನ್ನು ಊರಿಗೆ ಕಳಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರು. 1957ರಿಂದ ಭೂಸೇನೆಯ ಮುಖ್ಯಸ್ಥರು. ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಹೊಂದಲಿಲ್ಲ. 1959ರಲ್ಲಿ ರಾಜೀನಾಮೆ ಕೊಟ್ಟರು, ನೆಹರೂ ಮನವೊಲಿಸಿದ ಮೇಲೆ ಹಿಂತೆಗೆದುಕೊಂಡರು. ಹಿಂತೆಗೆದುಕೊಳ್ಳಬಾರದಿತ್ತು ಎಂದು ನನಗನ್ನಿಸುತ್ತದೆ. 1961ರ ಮೇನಲ್ಲಿ ನಿವೃತ್ತರಾದರು. ಮರುವರ್ಷವೇ ಚೀನಾ ಯುದ್ಧ, ಅದೂ ಹಿಮಬೆಟ್ಟಗಳಲ್ಲೇ.

1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ಕಮಾಂಡರ್ ಆಗಿ ಸೈಪ್ರಸ್‌ಗೆ ಹೋದರು. 1965ರ ಡಿಸೆಂಬರ್ 18ರಂದು ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಆಗ ವಯಸ್ಸು 59. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಮಡಿಕೇರಿಯ ಅವರ ಮನೆ ಸನ್ನಿಸೈಡ್ ಈಗ ವಸ್ತುಸಂಗ್ರಹಾಲಯ, 2021ರ ಫೆಬ್ರವರಿಯಲ್ಲಿ ತೆರೆಯಿತು.